ಒಂದೇ ಬೆಂಕಿ, ಎರಡು ಲಾಭ

ರಾಮನಾಥನ ಸಂಕಟಕ್ಕೆಲ್ಲ ಮೂಲ ಒಂದು ಬಲ್ಬು. ಅದೂ ಅವನ ಮನೆಯದ್ದಲ್ಲ, ಅಗಸೂರಿನ ಕಮಲಾಕರನ ಮನೆಯ ಜಗಲಿಯದ್ದು. ಹೋದ ಮಳೆಗಾಲದ ಒಂದು ಸಂಜೆ ಗಾಳಿಗೆ ಮರಗಳು ತಂತಿಯ ಮೇಲೆ ಬಿದ್ದು ಅರ್ಧ ತಾಲೂಕಿಗೆ ಕತ್ತಲೆ ಕವಿದಿದ್ದಾಗ ಆ ಬಲ್ಬು ಮಾತ್ರ ಝಗ್ಗೆಂದು ಉರಿಯುತ್ತಿತ್ತು. ಅದರ ಕೆಳಗೆ ಕಮಲಾಕರ ಕಾಲ ಮೇಲೆ ಕಾಲು ಹಾಕಿಕೊಂಡು ಪೇಪರು ಓದುತ್ತಿದ್ದ. ಬೆಳಿಗ್ಗೆ ಓದಿ ಮುಗಿಸಿದ ಪೇಪರನ್ನೇ, ದಾರಿಯಲ್ಲಿ ಹೋಗುವವರಿಗೆ ಕಾಣಲಿ ಎಂದು ಮತ್ತೆ ಓದುತ್ತಿದ್ದಾನೆಂದು ರಾಮನಾಥನಿಗೆ ಖಾತ್ರಿಯಿತ್ತು. ಬೈಕು ನಿಲ್ಲಿಸದೆ, ಕಂಡೂ ಕಾಣದವನ ಹಾಗೆ ಮುಂದೆ ಹೋದ.

ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಓದಿದವರು. ಇಬ್ಬರದ್ದೂ ಗೇರುಬೀಜದ ಕಾರ್ಖಾನೆ. ಕಮಲಾಕರನದ್ದು ಅಗಸೂರಿನಲ್ಲಿ, ರಾಮನಾಥನದ್ದು ಬೊಬ್ರುವಾಡದಲ್ಲಿ. ಕಮಲಾಕರ ಕಾರು ಕೊಂಡಾಗ ರಾಮನಾಥನಿಗೆ ಹೊಟ್ಟೆ ಉರಿಯಿತು. ಆಮೇಲೆ ಕಮಲಾಕರನಿಗೇ ಅಸಿಡಿಟಿಯಾಗಿ ಹೊಟ್ಟೆ ಉರಿಯುತ್ತಿದೆ ಎಂದು ಕೇಳಿ ಸ್ವಲ್ಪ ತಂಪಾಯಿತು. ಆದರೆ ಅದಕ್ಕವನು ಮಂಗಳೂರಿನ ದೊಡ್ಡ ಡಾಕ್ಟರಿಗೆ ತೋರಿಸಿದನಂತೆ ಎಂದು ಗೊತ್ತಾದ ಮೇಲೆ ಮತ್ತೆ ಉರಿಯತೊಡಗಿತು.

ಬಲ್ಬಿನ ಗುಟ್ಟು ಮೀನುಪೇಟೆಯಲ್ಲಿ ಹೊರಬಿತ್ತು. ಗೇರುಬೀಜ ಬೇಯಿಸಲು ಬಾಯ್ಲರಿನಲ್ಲಿ ಹೇಗೂ ಆವಿ ಮಾಡುತ್ತಾರೆ. ಆ ಆವಿ ಬೀಜದ ಹತ್ತಿರ ಹೋಗುವ ಮೊದಲು ದಾರಿಯಲ್ಲಿ ಒಂದು ಟರ್ಬೈನು ತಿರುಗಿಸಿ ಹೋದರೆ ಕರೆಂಟೂ ಆಯಿತು, ಬೀಜವೂ ಬೆಂದಿತು. ಕಮಲಾಕರ ಅಂಥ ಯಂತ್ರ ತಂದಿದ್ದ.

"ಒಂದೇ ಬೆಂಕಿ, ಎರಡು ಲಾಭ ಮಾರಾಯಾ," ಎಂದು ಅವನು ಬಂಗಡೆಯ ಕಿವಿರು ಎತ್ತಿ ನೋಡುತ್ತ ಹೇಳಿದ. "ಮೂರನೇದು ಹೇಳೂಕೇ ಮರ್ತೆ. ಇಂಥ ಯಂತ್ರ ಹಾಕ್ದೋರಿಗೆ ಇನ್‌ಕಮ್ ಟ್ಯಾಕ್ಸಿನಾಗೆ ರಿಯಾಯಿತಿ ಅದೆ. ಯಂತ್ರದ ದುಡ್ಡಿನಾಗೆ ದೊಡ್ಡ ಪಾಲು ಮೊದಲ್ನೇ ವರ್ಷವೇ ಲಾಭದಾಗೆ ಕಳ್ದುಬಿಡ್ತಾರೆ. ನಂಗೆ ಹೋದ ವರ್ಷ ಟ್ಯಾಕ್ಸೇ ಇಲ್ಲ ಹೇಳಿ ಲೆಕ್ಕ."

ಕರೆಂಟನ್ನು ರಾಮನಾಥ ಸಹಿಸಿಕೊಳ್ಳುತ್ತಿದ್ದನೇನೋ. ತಾನು ಪೈಸೆ ಪೈಸೆ ತೆರಿಗೆ ಕಟ್ಟುತ್ತಿರುವಾಗ ತನ್ನ ಬೆಂಚಿನವನು ಕಟ್ಟುವುದಿಲ್ಲ ಎಂಬುದನ್ನು ಮಾತ್ರ ಸಹಿಸಲಾಗಲಿಲ್ಲ. ಅವತ್ತು ಮೀನು ಕೊಳ್ಳುವುದನ್ನೇ ಮರೆತು ಖಾಲಿ ಚೀಲ ಹಿಡಿದು ಮನೆಗೆ ಬಂದ.

ನವರಾತ್ರಿಯ ಆಯುಧಪೂಜೆಗೆ ಅಗಸೂರಿನಿಂದ ಕರೆ ಬಂತು. ರಾಮನಾಥ ಸೊಂಟನೋವು ಎಂದು ಮಲಗಿದ. ಹೆಂಡತಿ ಚಂಪಾ ಹೋಗಿ, ಪ್ರಸಾದದ ಜೊತೆಗೆ ಸುದ್ದಿಯನ್ನೂ ತಂದಳು.

"ಹೋಯ್, ಕೇಳ್ತಾ? ದೋಣಿಗೆ ಹೆಸ್ರು ಬರ್ಸ್ತಾರಲ್ಲ, ಹಂಗೆ ಯಂತ್ರದ ಮೇಲೆ 'ವೈಶಾಲಿ' ಹೇಳಿ ಬರ್ಸಿದ್ದಾರೆ. ಬಂಗಾರದ ಬಣ್ಣದಾಗೆ. ಹೆಂಡ್ತಿ ಹೆಸ್ರು! ನಮ್ಮನೆ ಪಾತ್ರೆ ಮೇಲೆಲ್ಲ ನಿಮ್ಮ ಆಯಿ ಹೆಸ್ರೇ ಇರೂದು. ನನ್ನ ಹೆಸ್ರ ಒಂದು ಸ್ಟೀಲ್ ಲೋಟದ ಮೇಲಾದ್ರೂ ಬರ್ಸಿದ್ರಾ ನೀವು?"

ಈಗ ಒಂದು ಮನೆಯಲ್ಲಿ ಎರಡು ಹೊಟ್ಟೆಗಳು ಉರಿಯತೊಡಗಿದವು. ಸಂಕ್ರಾಂತಿ ಕಳೆದ ಮರುದಿನವೇ ರಾಮನಾಥ ಹುಬ್ಬಳ್ಳಿಯಲ್ಲಿ ಇಂಥ ಯಂತ್ರ ಮಾರುವ ಏಜೆಂಟನ ಅಂಗಡಿಯಲ್ಲಿ ಕೂತಿದ್ದ.

"ಅಗಸೂರಿನ ಕಮಲಾಕರನ ಮನೇಲಿ ಇದ್ದಂಥದ್ದೇ ಬೇಕು. ಒಂದು ಬೋಲ್ಟ್ ಆಚೆ ಈಚೆ ಇರೂಕಾಗ."

ಏಜೆಂಟ ಸ್ವಲ್ಪ ಹೊತ್ತು ರಾಮನಾಥನ ಮುಖ ನೋಡಿದ. ಆಮೇಲೆ ಚಹಾ ತರಿಸಿದ. "ನಿಮ್ಮ ನಸೀಬ ಚಲೋ ಐತ್ರಿ ಸಾಹೇಬ್ರ. ಅಂಥಾದ್ದು ಒಂದ ಉಳದೈತಿ."

"ಬಣ್ಣ ಮಾತ್ರ ಬೇರೆ ಇರ್ಲಿ. ಅವನದ್ದು ನೀಲಿ ಅಂತೆ. ನೋಡಿ ಮಾಡ್ದ ಹೇಳಿ ಜನ ಆಡ್ಕೊಳ್ತಾರೆ."

"ಬಣ್ಣದ್ದೇನ್ ದೊಡ್ಡ ಮಾತ್ರಿ? ಹಸರ ಬಳದ ಕಳಸ್ತೀವಿ," ಎಂದ ಏಜೆಂಟ. ಚಹಾದ ದುಡ್ಡನ್ನೂ ಅವನೇ ಕೊಟ್ಟ. ಇಂಥ ಮರ್ಯಾದಸ್ಥ ವ್ಯಾಪಾರಿ ತಾನು ಕಂಡೇ ಇಲ್ಲ ಎಂದು ರಾಮನಾಥ ದಾರಿಯುದ್ದಕ್ಕೂ ಹೊಗಳಿಕೊಂಡು ಬಂದ.

ಯಂತ್ರ ಬಂತು, ಕೂತಿತು, ಅದರ ಹಸಿರು ಮೈಮೇಲೆ ಗ್ರಿಲ್ ಅಂಗಡಿಯ ನಿತಿನ 'ಚಂಪಾ' ಎಂದು ಬಂಗಾರದ ಅಕ್ಷರ ಬರೆದ. ಓಡಿಸುವುದು ಮಾತ್ರ ಬಾಕಿ. ಅದಕ್ಕೆ ಭಟ್ಟರು ಏಪ್ರಿಲ್‌ನಲ್ಲಿ ಒಂದು ಒಳ್ಳೆಯ ಮುಹೂರ್ತ ತೆಗೆದುಕೊಟ್ಟಿದ್ದರು.

ಮಾರ್ಚ್ ಮೂವತ್ತೊಂದರ ಬೆಳಿಗ್ಗೆ ರಾಮನಾಥ ಕಾರವಾರಕ್ಕೆ ಹೋಗಿ, ತನ್ನ ಆಡಿಟರ್ ವಿಜೇತಾ ಮೇಡಂ ಎದುರು ಬೀಗುತ್ತ ಕೂತ. ಅವರ ಆಫೀಸು ಅವತ್ತು ಮದುವೆಮನೆಯ ಅಡುಗೆಕೋಣೆಯ ಹಾಗಿತ್ತು. ಮೇಡಂ ಎರಡು ಫೋನುಗಳ ನಡುವೆ ಅವನ ಕಡೆ ನೋಡಿದರು.

"ಯಂತ್ರ ಓಡ್ತಾ ರಾಮನಾಥರೇ?"

"ಏಪ್ರಿಲ್‌ನಲ್ಲಿ ಮುಹೂರ್ತ ಮೇಡಂ."

"ಹಂಗಾದ್ರೆ ಈ ವರ್ಷದ ರಿಯಾಯಿತಿ ಹೋಯ್ತು."

ರಾಮನಾಥ ಕುರ್ಚಿಯಿಂದ ಎದ್ದೇ ಬಿಟ್ಟ. "ದುಡ್ಡು ಕೊಟ್ಟಾಗಿದೆಯಲ್ಲ!"

"ಕೊಂಡ್ರೆ ಸಾಕಾಗೂದಿಲ್ಲ. ವರ್ಷ ಮುಗಿಯೂದ್ರೊಳಗೆ ಕೆಲಸಕ್ಕೆ ಹಚ್ಚಿರ್ಬೇಕು. ಅಂದ್ರೆ ಇವತ್ತು. ಸುಮ್ನೆ ಗರಗರ ತಿರುಗಿಸಿ ತೋರ್ಸೂದೂ ಅಲ್ಲ. ಕರೆಂಟೂ ಬರ್ಬೇಕು, ಅದೇ ಆವಿಯಿಂದ ಏನಾದ್ರೂ ಬೇಯಲೂ ಬೇಕು. ಎರಡೂ ಆದ್ರೇ ಈ ರಿಯಾಯಿತಿ. ಸಂಜೆ ನಾನೇ ಬಂದು ನೋಡ್ತೆ. ನಾಳೆ ಯಾರಾದ್ರೂ ಕೇಳಿದ್ರೆ ಕಣ್ಣಾರೆ ಕಂಡೆ ಹೇಳೂಕೆ ಬೇಕಲ್ಲ?"

ಅಂಕೋಲಾ ಬಸ್ಸು ಹತ್ತಿದ ರಾಮನಾಥನಿಗೆ ಕಿಟಕಿಯಾಚೆ ಸಮುದ್ರ ಕಾಣಲಿಲ್ಲ, ಕಮಲಾಕರನ ನಗುಮುಖ ಕಂಡಿತು. ಭಟ್ಟರ ಮುಹೂರ್ತವನ್ನು ಬಸ್ಸಿನಲ್ಲೇ ಫೋನು ಮಾಡಿ ರದ್ದು ಮಾಡಿದ. ಬೊಬ್ರುವಾಡದಲ್ಲಿ ಇಳಿದವನು ಸೀದಾ ಕಾರ್ಖಾನೆಗೆ ಓಡಿ, ಬಾಯ್ಲರ್ ನೋಡಿಕೊಳ್ಳುವ ಬೊಮ್ಮುವಿಗೆ ಬೆಂಕಿ ಹಾಕು ಎಂದ.

"ಹಾಕೂಕಾ? ಹಾಕ್ವಾ ಒಡೆಯಾ," ಎಂದ ಬೊಮ್ಮು. "ಉರ್ಸೂಕೆ ಸಿಪ್ಪೆ ಅದೆ. ಬೇಯ್ಸೂಕೆ ಎಂತಾ ಅದೆ? ಗೋದಾಮಿನಾಗೆ ಇಲಿ ಬಿಟ್ರೆ ಏನಿಲ್ಲ."

ಅದು ನಿಜವಾಗಿತ್ತು. ಇದ್ದ ದುಡ್ಡನ್ನೆಲ್ಲ ಯಂತ್ರಕ್ಕೆ ಸುರಿದ ಮೇಲೆ ಈ ಸಲದ ಮೊದಲ ಗೇರುಬೀಜ ಕೊಳ್ಳಲು ರಾಮನಾಥನ ಕೈಯಲ್ಲಿ ಏನೂ ಉಳಿದಿರಲಿಲ್ಲ. ಊರಿನ ಬೀಜವೆಲ್ಲ ಅಗಸೂರಿಗೆ ಹೋಗಿತ್ತು. ಅಗಸೂರಿನಿಂದ ನಾಲ್ಕು ಚೀಲ ಸಾಲ ತರಬಹುದಿತ್ತು. ಅದಕ್ಕಿಂತ ಇಲಿಯನ್ನೇ ಬೇಯಿಸುವುದು ಮೇಲು ಎನಿಸಿತು ರಾಮನಾಥನಿಗೆ.

"ಏನಾದ್ರೂ ಬೇಯಬೇಕು, ಬೊಮ್ಮು! ಏನಾದ್ರೂ!" ಎಂದು ಅವನು ಕೂಗಿದ್ದು ಗೇಟಿನ ಹೊರಗೆ ಹರಿವೆಸೊಪ್ಪು ಮಾರುತ್ತಿದ್ದ ಬೀರಿಯ ಕಿವಿಗೆ ಬಿತ್ತು. ಅವಳು ಬುಟ್ಟಿ ಇಳಿಸಿ ಒಳಗೆ ಇಣುಕಿದಳು.

"ಒಡೆಯಾ, ನಮ್ಮನೆ ಭತ್ತ ಅದ್ಯಲಾ. ಕುಚ್ಚೂಕೆ ಕಟ್ಟಿಗೆ ಇಲ್ದೆ ಹಂಗೇ ಬಿದ್ಕಂಡದೆ. ತರೂಕಾ?"

ರಾಮನಾಥ ಫೋನು ಮಾಡಿ ಕೇಳಿದ. ಕೂಲಿಗೆ ಭತ್ತ ಬೇಯಿಸಿ, ಕುಚ್ಚಿ ಕೊಟ್ಟರೂ ಅದು ಕಾರ್ಖಾನೆಯ ಕೆಲಸವೇ, ನಡೆಯುತ್ತದೆ ಎಂದರು ಮೇಡಂ. ರಾಮನಾಥನಿಗೆ ಬೀರಿಯ ಕಾಲು ಹಿಡಿಯುವುದೊಂದು ಬಾಕಿ.

"ಬೇಗ ತಾ ಮಾರಾಯ್ತಿ! ಇನ್ನೂ ಯಾರ ಮನೇಲಾದ್ರೂ ಇದ್ರೆ ಅವ್ರಿಗೂ ಹೇಳು!"

ಈ ಕೊನೆಯ ಮಾತನ್ನು ಅವನು ಹೇಳಬಾರದಿತ್ತು. ಮಧ್ಯಾಹ್ನದ ಊಟ ಮುಗಿಯುವುದರೊಳಗೆ ರಾಮನಾಥನ ಕಾರ್ಖಾನೆಯಲ್ಲಿ ಬಿಟ್ಟಿ ಆವಿ ಕೊಡುತ್ತಾರೆ ಎಂದು ಬೊಬ್ರುವಾಡವೆಲ್ಲ ಸುದ್ದಿಯಾಯಿತು. ಭತ್ತದ ಚೀಲಗಳು ತಲೆಯ ಮೇಲೆ ಬಂದವು, ಸೈಕಲ್ ಮೇಲೆ ಬಂದವು, ಒಂದು ರಿಕ್ಷಾದಲ್ಲೂ ಬಂದವು. ನಾಮಕರಣದ ಮನೆಯವರು ಇಡ್ಲಿ ಹಿಟ್ಟಿನ ಕೊಳಗವನ್ನೇ ತಂದಿಟ್ಟರು. ಬುಟ್ಟಿ ತುಂಬ ಬಳಚು ಎಂಬ ಚಿಪ್ಪುಮೀನು ತಂದ ಒಬ್ಬಾಕೆ, ಚಿಪ್ಪು ಬಾಯಿ ಬಿಡುವಷ್ಟು ಆವಿ ಕೊಟ್ಟರೆ ಸಾಕು, ಉಳಿದದ್ದು ತಾನು ನೋಡಿಕೊಳ್ಳುತ್ತೇನೆ ಎಂದಳು. ಪಕ್ಕದ ಮನೆಯ ಮಧುಕರ ಮಾಸ್ತರರು ಮಾತ್ರ ಬರಿಗೈಯಲ್ಲಿ ಬಂದು, ಪಂಚೆ ಎತ್ತಿ, ಬಲಗಾಲಿನ ಮಂಡಿಯನ್ನು ಪೈಪಿನ ಹತ್ತಿರ ಹಿಡಿದುಕೊಂಡು ಕೂತರು.

"ಮಾಸ್ತರೇ, ಇದು ಕಾರ್ಖಾನೆ!"

"ಗೊತ್ತದೆ ತಮಾ. ವೈದ್ಯರು ಶಾಖ ಕೊಡೂಕೆ ಹೇಳಿದ್ದಾರೆ. ಆಡಿಟರ್ ಬಂದ್ರೆ ನನ್ನ ಮಂಡಿಯನ್ನೂ ಲೆಕ್ಕಕ್ಕೆ ಹಿಡ್ಕೊಳ್ಳಿ ಹೇಳು."

ಭತ್ತ, ಬಳಚು, ಇಡ್ಲಿ, ಮಂಡಿ ಎಲ್ಲ ಸೇರಿದರೂ ರಾಮನಾಥನಿಗೆ ಒಂದು ಕೊರತೆ ಉಳಿದಿತ್ತು. ನೋಡಿ ಹೊಟ್ಟೆ ಉರಿದುಕೊಳ್ಳಲು ಕಮಲಾಕರ ಇರಲಿಲ್ಲ. ಅವನಿಲ್ಲದೆ ಯಂತ್ರ ಓಡಿಸಿ ಏನು ಸುಖ? ರಾಮನಾಥ ಫೋನು ಮಾಡಿದ.

"ಸಂಜೆ ಐದಕ್ಕೆ ಬಾ ಮಾರಾಯಾ. ನಮ್ಮನೇದೂ ಒಂದು ಸಣ್ಣ ಯಂತ್ರ ಶುರು ಆಗ್ತದೆ."

"ಇವತ್ತು ಕಷ್ಟ ಮಾರಾಯಾ, ವರ್ಷದ ಕೊನೆ," ಎಂದ ಕಮಲಾಕರ. "ಎಲ್ಲಿಂದ ತಂದೆ?"

"ಹುಬ್ಬಳ್ಳಿಯಿಂದ. ನಿಂದು ನೀಲಿ ಅಲ್ವಾ? ನಮ್ಮದು ಹಸಿರು."

ಆ ಕಡೆಯಿಂದ "ಹುಬ್ಬಳ್ಳಿಯಿಂದ್ಲಾ?" ಎಂಬ ಪ್ರಶ್ನೆ ಎರಡು ಸಲ ಬಂತು. ಆಮೇಲೆ ಕಮಲಾಕರ ಮೆಲ್ಲಗೆ, "ಬತ್ತೆ," ಎಂದ. ಐದಕ್ಕೆ ಕರೆದರೆ ನಾಲ್ಕಕ್ಕೇ ಬಂದು ಇಳಿದ. ಹೊಟ್ಟೆಕಿಚ್ಚು ಮನುಷ್ಯನನ್ನು ಎಷ್ಟು ಜೋರಾಗಿ ಓಡಿಸುತ್ತದೆ ಎಂದು ರಾಮನಾಥ ಒಳಗೊಳಗೇ ಕುಣಿದ. ಇಷ್ಟು ದಿನ ತಾನೊಬ್ಬನೇ ಉಂಡಿದ್ದನ್ನು ಇವತ್ತು ಅವನಿಗೂ ಬಡಿಸುವ ಯೋಗ ಬಂದಿತ್ತು.

ವಿಜೇತಾ ಮೇಡಂ ಬಂದರು. ಚಂಪಾ ರೇಷ್ಮೆ ಸೀರೆಯುಟ್ಟು, ಮುಡಿಗೆ ಅಬ್ಬಲಿಗೆ ಮುಡಿದು, ತನ್ನ ಹೆಸರಿನ ಪಕ್ಕದಲ್ಲೇ ನಿಂತಳು. ಯಂತ್ರಕ್ಕೆ ತೆಂಗಿನಕಾಯಿ ಒಡೆದು ಆರತಿ ಎತ್ತಿದರು. ಬೊಮ್ಮು ಬಾಯ್ಲರಿಗೆ ಗೇರುಸಿಪ್ಪೆ ಹಾಕಿದ. ಆವಿ ಏರಿತು. ಟರ್ಬೈನು ಮೊದಲು ತಿಣುಕಿತು, ಆಮೇಲೆ ಗುನುಗಿತು, ಆಮೇಲೆ ಗೇಟಿನ ತನಕ ಕೇಳುವಷ್ಟು ಜೋರಾಗಿ ಹಾಡತೊಡಗಿತು.

ರಾಮನಾಥ ಎಲ್ಲರ ಎದುರು ಸ್ವಿಚ್ ಒತ್ತಿದ. ಗೇಟಿನ ಮೇಲೆ ಕಟ್ಟಿದ್ದ ಬಲ್ಬು ಹತ್ತಿತು. ಅದು ಅಗಸೂರಿನ ಬಲ್ಬಿಗಿಂತ ದೊಡ್ಡದು. ಬೊಬ್ರುವಾಡದವರು ಚಪ್ಪಾಳೆ ತಟ್ಟಿದರು. ರಾಮನಾಥ ಮಾತ್ರ ಬಲ್ಬಿನ ಕಡೆ ನೋಡಲಿಲ್ಲ, ಕಮಲಾಕರನ ಮುಖ ನೋಡಿದ. ಆ ಮುಖ ಬಾಡಿತ್ತು. ಆಹಾ, ಎಂಥ ಸಂಜೆ!

ಕಮಲಾಕರ ಯಂತ್ರದ ಸುತ್ತ ಒಂದು ಸುತ್ತು ಬಂದ. ಕೆಳಗೆ ಬಗ್ಗಿ, ಅದರ ಕಾಲಿನ ಹತ್ತಿರ ತಗ್ಗಾಗಿದ್ದ ಜಾಗವನ್ನು ಬೆರಳಿನಿಂದ ಮುಟ್ಟಿ, ತಟ್ಟನೆ ಕೈ ತೆಗೆದ. ಆಮೇಲೆ ರಾಮನಾಥನ ತೋಳು ಹಿಡಿದು ಪಕ್ಕಕ್ಕೆ ಎಳೆದ.

"ಬೆಂಕಿ ಹೆಚ್ಚು ಕೊಡ್ಬೇಡ ಮಾರಾಯಾ. ಇದರ ಮೈ ಭಾರೀ ಕಾಯ್ತದೆ. ಮೇಡಂ ನೋಡಿ ಆಯ್ತಲ್ಲ, ಇನ್ನು ನಿಲ್ಸು. ನಿನ್ನ ಒಳ್ಳೇದಕ್ಕೇ ಹೇಳ್ತೆ."

"ನಂಗೆ ಅರ್ಥ ಆಗ್ತದೆ ಕಮಲಾಕರಾ," ಎಂದ ರಾಮನಾಥ, ಕರುಣೆಯಿಂದ. "ನೋಡೂಕೆ ಕಷ್ಟ ಆಗ್ತದೆ. ನಾನೂ ಹಂಗೇ ನೋಡಿದ್ದೆ."

"ಅದಲ್ಲ ಮಾರಾಯಾ..."

"ಬೊಮ್ಮೂ! ಇನ್ನೂ ನಾಲ್ಕು ಬುಟ್ಟಿ ಸಿಪ್ಪೆ ಹಾಕು!"

ಬೊಮ್ಮು ಹಾಕಿದ. ಬಲ್ಬು ಇನ್ನೂ ಬೆಳ್ಳಗಾಯಿತು. ಭತ್ತ ಘಮಘಮಿಸಿತು, ಬಳಚು ಬಾಯಿ ಬಿಟ್ಟಿತು. ಮಧುಕರ ಮಾಸ್ತರರು ಮಂಡಿ ಸಾಕೆಂದು ಎದ್ದು ನಿಂತರು. ವಿಜೇತಾ ಮೇಡಂ ಒಂದು ಇಡ್ಲಿ ಬಾಯಿಗೆ ಹಾಕಿಕೊಂಡು, "ಎಲ್ಲ ಸರಿ ಅದೆ ರಾಮನಾಥರೇ, ರಿಯಾಯಿತಿಗೆ ಅಡ್ಡಿಯಿಲ್ಲ," ಎಂದರು. ಇನ್ನೇನು ಹೊರಡಬೇಕು, ಅಷ್ಟರಲ್ಲಿ ಭತ್ತದ ಘಮದ ಬದಲು ಬಣ್ಣ ಸುಟ್ಟ ವಾಸನೆ ಮೂಗಿಗೆ ಬಂತು.

ಯಂತ್ರದ ಹಸಿರು ಮೈಮೇಲೆ ದೋಸೆಯ ಮೇಲೆ ಏಳುವ ಹಾಗೆ ಗುಳ್ಳೆ ಎದ್ದವು. ಒಂದು ಒಡೆಯಿತು. ಅದರೊಳಗೆ ನೀಲಿ ಕಂಡಿತು. ಮೊದಲು 'ಚಂ' ಉದುರಿತು. ಹಿಂದೆಯೇ 'ಪಾ' ಹಾಳೆಯ ಹಾಗೆ ಸುರುಳಿ ಸುತ್ತಿ ಚಂಪಾಳ ಕಾಲ ಹತ್ತಿರವೇ ಬಿತ್ತು. ಅವುಗಳಿದ್ದ ಜಾಗದಲ್ಲಿ, ಒಳಗಿನ ನೀಲಿಯ ಮೇಲೆ, ಬಂಗಾರದ ಬಣ್ಣದ ಬೇರೆ ಅಕ್ಷರಗಳು ಮೆಲ್ಲಗೆ ಹೊರಗೆ ಬರತೊಡಗಿದವು.

"ಎಂತಾ ಬರೀತದ್ಯೋ ಅದು?" ಎಂದಳು ಓದು ಬಾರದ ಬೀರಿ.

ಮಧುಕರ ಮಾಸ್ತರರು ಕನ್ನಡಕ ಏರಿಸಿದರು. ಒಂದನೇ ಈಯತ್ತೆಯ ಮಕ್ಕಳಿಗೆ ಓದಿಸುವ ಧ್ವನಿಯಲ್ಲಿ, ಒಂದೊಂದಕ್ಕೂ ಬೆರಳು ತೋರಿಸುತ್ತ ಗಟ್ಟಿಯಾಗಿ ಓದಿದರು. "ವೈ... ಶಾ... ಲಿ. ವೈಶಾಲಿ!"

ಚಂಪಾ ಮೊದಲು ಯಂತ್ರ ನೋಡಿದಳು, ಆಮೇಲೆ ಗಂಡನನ್ನು.

"ಹೋಯ್. ನನ್ನ ಹೆಸ್ರು ಮೇಲೆ, ಅವಳ ಹೆಸ್ರು ಒಳಗೆ. ಹೌದಾ?"

"ಚಂಪಾ, ನಂಗೆ ಏನೂ ಗೊತ್ತಿಲ್ಲ! ದೇವರಾಣೆ!"

"ಕುಂಡೆ ಬಿಸಿ ಆದ್ರೆ ಯಂತ್ರನೂ ಸತ್ಯ ಹೇಳ್ತದೆ," ಎಂದಳು ಬಳಚಿನವಳು. ಯಾರೋ ನಕ್ಕರು. ಚಂಪಾಳ ಕಣ್ಣು ತುಂಬಿ ಬಂದದ್ದು ಕಂಡು ಕಮಲಾಕರನಿಗೆ ತಡೆಯಲಾಗಲಿಲ್ಲ.

"ತಂಗೀ, ತಪ್ಪು ತಿಳ್ಕೊಳ್ಬೇಡ. ಇದರಲ್ಲಿ ಇವನ ತಪ್ಪು ಏನೂ ಇಲ್ಲ. ಇದು... ನಮ್ಮನೇದೇ ಯಂತ್ರ."

ಜನ ಕಿವಿ ನಿಮಿರಿಸಿ ಹತ್ತಿರ ಬಂದರು. ಕಮಲಾಕರ ನೆಲ ನೋಡುತ್ತ ಹೇಳಿದ. ಯಂತ್ರ ಚೆನ್ನಾಗಿಯೇ ಓಡುತ್ತಿತ್ತು, ಆದರೆ ಅದರ ಹೊಟ್ಟೆ ತುಂಬಿಸುವಷ್ಟು ಬೀಜವೂ ಸಿಪ್ಪೆಯೂ ಅವನ ಸಣ್ಣ ಕಾರ್ಖಾನೆಯಲ್ಲಿ ಇರಲಿಲ್ಲ. ಮೊದಲ ವರ್ಷದ ರಿಯಾಯಿತಿ ಸಿಕ್ಕಿತು, ಅಲ್ಲಿಗೆ ಲಾಭ ಮುಗಿಯಿತು. ದೀಪಾವಳಿ ಕಳೆದ ಮೇಲೆ ಸದ್ದಿಲ್ಲದೆ ಹುಬ್ಬಳ್ಳಿಯ ಏಜೆಂಟನಿಗೆ ಸಿಕ್ಕಿದ ಬೆಲೆಗೆ ಕೊಟ್ಟು ಕೈತೊಳೆದುಕೊಂಡಿದ್ದ. ಊರಿಗೆ ಹೇಳಲು ನಾಚಿಕೆಯಾಗಿ ಖಾಲಿ ಶೆಡ್ಡಿಗೆ ಬೀಗ ಹಾಕಿಟ್ಟಿದ್ದ.

"ಹಂಗಾದ್ರೆ ಜಗಲಿಯ ಬಲ್ಬು? ಮೊನ್ನೆ ಶಿವರಾತ್ರಿಗೆ ಕರೆಂಟ್ ಹೋದಾಗ್ಲೂ ಉರೀತಿತ್ತಲ್ಲ?" ರಾಮನಾಥನ ಧ್ವನಿ ಕೀರಲಾಗಿತ್ತು.

"ಅದು ಮೊದ್ಲಿಂದ್ಲೂ ಇನ್ವರ್ಟರೇ ಮಾರಾಯಾ."

ರಾಮನಾಥ ತೆಂಗಿನಕಾಯಿಯ ಬುಟ್ಟಿಯ ಮೇಲೆ ಕೂತುಬಿಟ್ಟ. ಇನ್ವರ್ಟರಿಗೆ ಹೊಟ್ಟೆ ಉರಿದುಕೊಂಡು ಅವನು ತನ್ನ ಬಂಡವಾಳವನ್ನೆಲ್ಲ ಸುಟ್ಟಿದ್ದ. ಕಮಲಾಕರನಲ್ಲಿ ಇದ್ದಂಥದ್ದೇ ಬೇಕು ಎಂದಿದ್ದ. ಅಂಥದ್ದಲ್ಲ, ಅದೇ ಬಂದಿತ್ತು. ಒಂದು ಬೋಲ್ಟೂ ಆಚೆ ಈಚೆ ಇರಲಿಲ್ಲ. ಏಜೆಂಟ ಚಹಾ ಯಾಕೆ ಕುಡಿಸಿದ ಎಂಬುದು ಈಗ ಹೊಳೆಯಿತು.

"ಮೇಡಂ," ಎಂದು ಅವನು ಕೊನೆಯ ಆಸೆಯಿಂದ ತಿರುಗಿದ, "ಓಡ್ತಲ್ಲ? ಕರೆಂಟೂ ಬಂತು, ಭತ್ತವೂ ಬೆಂತು."

ವಿಜೇತಾ ಮೇಡಂ ಕೈ ಒರೆಸಿಕೊಂಡರು. ಅವರ ಮುಖದಲ್ಲಿ ನಿಜವಾದ ಮರುಕವಿತ್ತು. "ನೀವು ಹೊಸದು ಅಂದಿದ್ರಿ ರಾಮನಾಥರೇ. ಹೊಸ ಯಂತ್ರಕ್ಕೆ ಸಿಗೂ ಲಾಭ ಇನ್ನೊಬ್ರು ಓಡ್ಸಿದ್ದಕ್ಕೆ ಸಿಗೂದಿಲ್ಲ. ನಿಮ್ಮ ಲೆಕ್ಕ ಪೂರಾ ಹೊಸದಾಗಿ ನೋಡ್ಬೇಕು. ಇವತ್ತು ನನ್ನಿಂದ ಸಹಿ ಹಾಕೂಕೆ ಬರೂದಿಲ್ಲ." ಕಾರು ಹತ್ತುವ ಮೊದಲು ಕಮಲಾಕರನ ಕಡೆ ನೋಡಿ, "ನಿಮ್ಮ ಆಡಿಟರ್ ಯಾರು? ಯಂತ್ರ ಮಾರಿದ್ದು ಅವ್ರಿಗೆ ಹೇಳಿದ್ರಾ?" ಎಂದು ಕೇಳಿದರು. ಕಮಲಾಕರನೂ ಬುಟ್ಟಿಯ ಇನ್ನೊಂದು ತುದಿಯಲ್ಲಿ ಕೂತ. ಶಾಲೆ ಬಿಟ್ಟ ಮೇಲೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತದ್ದು ಅದೇ ಮೊದಲು.

ರಾಮನಾಥ ಯಂತ್ರ ನಿಲ್ಲಿಸು ಎಂದರೆ ಬೊಬ್ರುವಾಡ ಒಪ್ಪಲಿಲ್ಲ.

"ಅರ್ಧ ಬೆಂದ ಭತ್ತ ಎಲ್ಲಿ ತಕಂಡು ಹೋಗೂದು ಒಡೆಯಾ?" ಎಂದಳು ಬೀರಿ.

"ಎಡಗಾಲಿನ ಮಂಡಿ ಇನ್ನೂ ಬಾಕಿ ಅದೆ ತಮಾ," ಎಂದರು ಮಾಸ್ತರರು.

ಬೊಮ್ಮು ಕೇಳದೆಯೇ ಇನ್ನೊಂದು ಬುಟ್ಟಿ ಸಿಪ್ಪೆ ಹಾಕಿದ. ಗಲಾಟೆಯಲ್ಲಿ ಚಂಪಾ ಎಲ್ಲಿ ಹೋದಳೆಂದು ಯಾರೂ ನೋಡಲಿಲ್ಲ. ಕಮಲಾಕರ ತಲೆ ತಗ್ಗಿಸಿಕೊಂಡು ಹೊರಟ. ರಾಮನಾಥ ಗೇಟಿನ ಹೊರಗೆ ಬಂದು, ತನ್ನ ದೊಡ್ಡ ಬಲ್ಬಿನ ಕೆಳಗೆ ಕತ್ತಲಾಗುವ ತನಕ ಒಬ್ಬನೇ ನಿಂತ. ಅದು ಉರಿಯುತ್ತಲೇ ಇತ್ತು. ಅದನ್ನು ನೋಡಿದರೆ ಅವನಿಗೆ ಅಳು ಬರುತ್ತಿತ್ತು.

ಆಗ ಫೋನು ಹೊಡೆದುಕೊಂಡಿತು. ಅವರ್ಸೆ ಊರಿನ ಸತೀಶ. ಅವನದ್ದೂ ಗೇರುಬೀಜದ ಕಾರ್ಖಾನೆ, 'ವೈಶಾಲಿ'ಯ ಹೊಟ್ಟೆ ತುಂಬಿಸುವಷ್ಟು ದೊಡ್ಡದು.

"ಎಂತಾ ರಾಮನಾಥಾ! ಈಗ ಬೊಬ್ರುವಾಡದ ಮೇಲೇ ಹಾದು ಬಂದೆ. ಭಾರೀ ಬಲ್ಬು ಉರೀತದ್ಯಲ್ಲ ಮಾರಾಯಾ! ಜನ ಜಾತ್ರೆ ಹಂಗೆ ಸೇರಿದ್ದಾರೆ. ನಿಂಗೊಬ್ಬಂಗೇ ಇಷ್ಟು ಬೆಳಕು ಎಂತಕ್ಕೆ? ನಂಗೂ ಬೇಕು. ಅಂಥದ್ದೇ! ಹಳೇದಾದ್ರೂ ಅಡ್ಡಿಯಿಲ್ಲ, ಓಡ್ತಿದ್ರೆ ಸಾಕು. ನೀ ಕೊಟ್ರೆ ನಿನ್ನ ಅಸಲಿನ ಮೇಲೆ ಹೆಚ್ಚೇ ಕೊಡ್ತೆ."

ಆ ಧ್ವನಿಯೊಳಗಿನ ಉರಿ ರಾಮನಾಥನಿಗೆ ಚೆನ್ನಾಗಿ ಪರಿಚಯವಿತ್ತು. ಅದು ಅವನದ್ದೇ ಧ್ವನಿ. ಅವನ ಬೆನ್ನು ತಾನಾಗಿ ನೆಟ್ಟಗಾಯಿತು. ಅಸಲೂ ಬಂತು, ಲಾಭವೂ ಬಂತು, ಕಮಲಾಕರನಿಗಿಂತ ತಾನೇ ಜಾಣ ಎಂದೂ ಆಯಿತು!

"ಕೊಡ್ವಾ ಸತೀಶಾ, ಕೊಡ್ವಾ," ಎಂದ. ಒಂದು ಕ್ಷಣ ತಡೆದು, ಜೇನಿನಂಥ ಧ್ವನಿಯಲ್ಲಿ ಕೇಳಿದ. "ಬಣ್ಣ ಯಾವ್ದು ಬೇಕು?"

"ಯಾವ್ದಾದ್ರೂ ಇರ್ಲಿ. ಹೆಸ್ರು ಮಾತ್ರ ನನ್ನ ಹೆಂಡ್ತಿದೇ ಬೇಕು. ಶರಾವತಿ ಹೇಳಿ. ಬೇರೆ ಹೆಂಗಸಿನ ಹೆಸ್ರು ಇದ್ರೆ ಅವಳು ಯಂತ್ರ ಒಳಗೆ ತರೂಕೆ ಬಿಡೂದಿಲ್ಲ."

"ಅದೆಂತಾ ದೊಡ್ಡ ಮಾತು! ಒಂದು ಕೈ ಬಣ್ಣ ಬಳಿದ್ರೆ ಆಯ್ತು!" ಎನ್ನುತ್ತ ರಾಮನಾಥ ಉಳಿದ ಹಸಿರು ಬಣ್ಣದ ಡಬ್ಬಿ ಹುಡುಕಲು ಒಳಗೆ ಓಡಿದ.

ಒಳಗೆ ಕಣ್ಣು ಕೋರೈಸುವ ನೀಲಿ ಬೆಳಕು, ಸುತ್ತ ಕಿಡಿ. ಯಂತ್ರದ ಎದುರು ಕುಕ್ಕರುಗಾಲಿನಲ್ಲಿ ಕೂತ ನಿತಿನ ವೆಲ್ಡಿಂಗ್ ಮಾಡುತ್ತಿದ್ದ. ಕರೆಂಟು ಅದೇ ಯಂತ್ರದ್ದು. ಪಕ್ಕದಲ್ಲಿ ಚಂಪಾ ರೇಷ್ಮೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಲಸ ಮಾಡಿಸುತ್ತಿದ್ದಳು. 'ವೈಶಾಲಿ'ಯನ್ನು ಗೀಚಿ ಗೀಚಿ ಕಬ್ಬಿಣ ಕಾಣುವ ತನಕ ತೆಗೆದಾಗಿತ್ತು. ಆ ಜಾಗದಲ್ಲಿ ಬೆರಳು ಗಾತ್ರದ ಕಬ್ಬಿಣದ ಅಕ್ಷರಗಳು, ಈ ಕಡೆಯಿಂದ ಆ ಕಡೆಯವರೆಗೆ. 'ಚಂ' ಮುಗಿದಿತ್ತು. 'ಪಾ' ಇನ್ನೂ ಕೆಂಪಗೆ ಆರುತ್ತಿತ್ತು.

"ಇನ್ನು ಎಷ್ಟು ಬೆಂಕಿ ಬೇಕೋ ಹಾಕಿ," ಎಂದಳು ಚಂಪಾ. ಮದುವೆಯಾದ ಮೇಲೆ ಮೊದಲ ಸಲ ಅವಳ ಮುಖದಲ್ಲಿ ಅಷ್ಟು ತೃಪ್ತಿ ಕಂಡಿತು. "ಇದು ಉದುರೂದಿಲ್ಲ. ಈ ಯಂತ್ರ ಈ ಮನೆ ಬಿಟ್ಟು ಹೋಗೂದೂ ಇಲ್ಲ. ನನ್ನ ಹೆಸ್ರು ಇದ್ದದ್ದನ್ನ ಇನ್ನೊಬ್ಬಳ ಮನೆಗೆ ಕಳ್ಸೂಕೆ ನಾನೇನು ವೈಶಾಲಿ ಅಲ್ಲ."

ರಾಮನಾಥನ ಕೈಯಲ್ಲಿ ಫೋನು ಇನ್ನೂ ಮಾತಾಡುತ್ತಿತ್ತು. "ಹಲೋ? ಹಲೋ? ರಾಮನಾಥಾ, ನಾಳೆ ಬೆಳಿಗ್ಗೆ ಲಾರಿ ಕಳ್ಸೂಕಾ?"

"ರಾಮನಾಥಾ," ಎಂದು ಇನ್ನೊಂದು ಕಡೆಯಿಂದ ಮಧುಕರ ಮಾಸ್ತರರು ಎಡಮಂಡಿ ನೀವಿಕೊಳ್ಳುತ್ತ ಕರೆದರು, "ನಾಳೆ ಎಷ್ಟು ಗಂಟೆಗೆ ಬೆಂಕಿ ಹಾಕ್ತೆ?"